ಬಾಗಿಲಿಗೆ ಬಂದ ಕೆಂಪು

ಕನ್ನೊಳ್ಳಿಯ ಪ್ರಜ್ಞಾ ಜರ್ಮನ್ ಕಲಿತದ್ದು ಆಸೆಪಟ್ಟೇನೂ ಅಲ್ಲ. ಹೈದರಾಬಾದಿನಲ್ಲಿ ಎಂ.ಎ. ಓದುವಾಗ ಹೊರದೇಶದ ಭಾಷೆಯೊಂದನ್ನು ತೆಗೆದುಕೊಳ್ಳಲೇಬೇಕಿತ್ತು. ಫ್ರೆಂಚ್ ತರಗತಿ ತುಂಬಿಹೋಗಿತ್ತು, ಜರ್ಮನ್ ತರಗತಿಯಲ್ಲಿ ಬೆಂಚುಗಳು ಖಾಲಿ ಇದ್ದವು, ಹೋಗಿ ಕೂತಳು. ಎರಡನೆಯ ವರ್ಷ ಮೇಷ್ಟ್ರು ಹಂಚಿದ ಝೆರಾಕ್ಸ್ ಹಾಳೆಯೊಂದರಲ್ಲಿ ಥೆಕ್ಲಾ ರೋರ್‌ಬಾಖ್ ಎಂಬಾಕೆಯ ನಾಲ್ಕು ಸಾಲಿನ ಪದ್ಯವಿತ್ತು. ಅದರ ಕೆಳಗೆ, ಈಕೆ ನೂರು ವರ್ಷದ ಹಿಂದಿನವಳು, ಗುಡ್ಡದ ಮೇಲಿನ ಹಳ್ಳಿಯೊಂದರಲ್ಲಿ ಸೂಲಗಿತ್ತಿಯಾಗಿದ್ದಳು ಎಂದು ಸಣ್ಣಕ್ಷರದಲ್ಲಿ ಬರೆದಿತ್ತು.

ಪ್ರಜ್ಞಾ ಆ ಸಾಲನ್ನು ಮತ್ತೆ ಮತ್ತೆ ಓದಿಕೊಂಡಳು. ಅವಳ ಆಯಿ, ಅಂದರೆ ಅಪ್ಪನ ತಾಯಿ ಕಸ್ತೂರೆವ್ವ, ಕನ್ನೊಳ್ಳಿಯ ಸೂಲಗಿತ್ತಿ. ಊರಿನ ದೊಡ್ಡ ಮನೆಗಳಿಗೆ ಹಿತ್ತಲ ಬಾಗಿಲಿನಿಂದ ಹೋಗಿ, ಕೂಸನ್ನು ಎತ್ತಿ ಕೊಟ್ಟು, ಜೋಳ ಕಟ್ಟಿಕೊಂಡು ಹಿತ್ತಲ ಬಾಗಿಲಿನಿಂದಲೇ ವಾಪಸು ಬರುತ್ತಿದ್ದ ಹೆಂಗಸು. ಓದುಬರಹ ಬರುತ್ತಿರಲಿಲ್ಲ, ಕೆಲಸದ ಮಾತನ್ನು ಮನೆಯಲ್ಲಿ ಎತ್ತುತ್ತಲೂ ಇರಲಿಲ್ಲ. ಅಂಥ ಕೆಲಸದವಳೊಬ್ಬಳು ಎಲ್ಲೋ ಕೂತು ಪದ್ಯ ಬರೆದಿದ್ದಾಳೆ, ಅದು ಪುಸ್ತಕವಾಗಿದೆ ಎಂಬುದೇ ಪ್ರಜ್ಞಾಳಿಗೆ ಸೋಜಿಗವೆನಿಸಿತು. ಆವತ್ತು ಹಿಡಿದ ಥೆಕ್ಲಾಳನ್ನು ಅವಳು ಮತ್ತೆ ಬಿಡಲಿಲ್ಲ. ಸಿಂದಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇಂಗ್ಲಿಷ್ ಹೇಳುವ ಕೆಲಸ ಸಿಕ್ಕ ಮೇಲೆ, ಪಿಎಚ್.ಡಿ.ಗೂ ಅವಳನ್ನೇ ಆರಿಸಿಕೊಂಡಳು.

ಅವಳ ಗೈಡ್ ಸಂಜೀವಕುಮಾರ ಗೊಳಸಂಗಿಯವರು, ಮನೆ ಮಾಡಿದ್ದು ಬಸವನ ಬಾಗೇವಾಡಿಯಲ್ಲಿ. ತೌಲನಿಕ ಸಾಹಿತ್ಯದ ಪ್ರಾಧ್ಯಾಪಕರಾದರೂ ಮೊದಲ ಡಿಗ್ರಿ ಸಂಖ್ಯಾಶಾಸ್ತ್ರದಲ್ಲಿ ಆಗಿತ್ತು, ಅದರ ರುಚಿ ಹೋಗಿರಲಿಲ್ಲ. ಪದ್ಯ ಓದಿ ತಲೆದೂಗುವವರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ.

“ಕವಿ ಏನ್ ಹೇಳತಾನ ಅಂತ ಆಮ್ಯಾಲೆ ನೋಡೂಣು,” ಎಂದಿದ್ದರು ಮೊದಲ ದಿನ. “ಯಾವ ಮಾತು ಎಷ್ಟ ಸಲ ಹೇಳತಾನ, ಅದನ್ನ ಮೊದಲ ಎಣಸು. ಓದಾವ್ರು ತಮಗ ಬೇಕಾದ್ದನ್ನ ಓದ್ತಾರ. ಎಣಸೂದ್ರಾಗ ಆ ಚಾಳಿ ನಡಿಯೂದಿಲ್ಲ.”

ಪ್ರಜ್ಞಾಳಿಗೆ ಅದು ಒಪ್ಪಿಗೆಯಾಯಿತು. ತನ್ನ ಜರ್ಮನ್ ಅರೆಬರೆ ಎಂಬ ಅಳುಕು ಅವಳಿಗೆ ಇದ್ದೇ ಇತ್ತು, ಎಣಿಕೆಗಾದರೆ ಅಳುಕಬೇಕಿಲ್ಲ. ಥೆಕ್ಲಾಳ ಐದೂ ಸಂಕಲನಗಳು ಜರ್ಮನಿಯ ಗ್ರಂಥಾಲಯವೊಂದರ ವೆಬ್‌ಸೈಟಿನಲ್ಲಿ ಸಿಕ್ಕವು. ಪುಟಗಳ ಫೋಟೋ ಒಂದು ಕಡೆ, ಆ ಫೋಟೋಗಳನ್ನು ಯಂತ್ರ ಓದಿ ಟೈಪು ಮಾಡಿದ ಪಠ್ಯ ಇನ್ನೊಂದು ಕಡೆ. ಆ ಪಠ್ಯವನ್ನು ಅವಳು ಕಂಪ್ಯೂಟರಿಗೆ ಉಣಿಸಿದಳು. ಮತ್ತು, ಆದರೆ, ಅವನು, ಅವಳು ಎಂಬಂಥ ಪುಡಿ ಮಾತುಗಳನ್ನೆಲ್ಲ ಅದು ಹೊಟ್ಟು ತೂರಿದಂತೆ ತೂರಿ, ಉಳಿದವನ್ನು ರಾಶಿ ರಾಶಿ ಮಾಡಿ ಇಟ್ಟಿತು. ನಾಲ್ಕು ಪುಸ್ತಕಗಳಲ್ಲಿ ದೊಡ್ಡ ರಾಶಿಗಳು ಹೆಚ್ಚುಕಡಿಮೆ ಒಂದೇ: ಕೈ, ಹಿಮ, ರಾತ್ರಿ, ತಾಯಿ.

ಒಂದು ಪುಸ್ತಕ ಮಾತ್ರ ಬೇರೆ ಇತ್ತು. ಯುದ್ಧ ಮುಗಿದ ಹೊಸದರಲ್ಲಿ, ಜನ ಹಸಿದಿದ್ದ ವರ್ಷಗಳಲ್ಲಿ ಬಂದ ನಾಲ್ಕನೆಯ ಸಂಕಲನ ಅದು. ಅದನ್ನು ಹಳೆಯ ಮಾದರಿಯ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಪ್ರಜ್ಞಾ ಒಮ್ಮೆ ಪುಟದ ಫೋಟೋ ತೆರೆದು ನೋಡಿದ್ದಳು. ಅವಳ ಅಪ್ಪ ಭೀಮಶ್ಯಾ ಟ್ರಂಕಿನಲ್ಲಿ ಕಾಪಾಡಿಕೊಂಡು ಬಂದಿರುವ ಮೋಡಿ ಲಿಪಿಯ ಹೊಲದ ಕಾಗದಗಳ ಹಾಗೆ, ಎಲ್ಲಿ ಒಂದು ಅಕ್ಷರ ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ತಿಳಿಯುತ್ತಿರಲಿಲ್ಲ. ಮುಚ್ಚಿಬಿಟ್ಟಳು. ಹೇಗೂ ಯಂತ್ರ ಓದಿತ್ತು. ಯಂತ್ರದ ಎಣಿಕೆಯ ಪ್ರಕಾರ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ‘ರೋಟ್’ ಎಂಬ ಮಾತು. ಹಾಗೆಂದರೆ ಕೆಂಪು.

ಉಳಿದ ನಾಲ್ಕು ಪುಸ್ತಕಗಳಲ್ಲಿ ಬೆರಳಲ್ಲಿ ಎಣಿಸುವಷ್ಟೂ ಇಲ್ಲದ ಮಾತು ಇಲ್ಲಿ ಪುಟಪುಟಕ್ಕೂ ಇತ್ತು. ಅದರಲ್ಲಿ ಒಂದು ತೊಡಕು. ಜರ್ಮನ್ನಿನಲ್ಲಿ ಪ್ರತಿಯೊಂದು ನಾಮಪದಕ್ಕೂ ಒಂದು ಲಿಂಗ, ಅದಕ್ಕೆ ತಕ್ಕ ಒಂದು ಮುನ್ಪದ. ಕೆಂಪು ನಪುಂಸಕಲಿಂಗ, ಅದಕ್ಕೆ ‘ಡಾಸ್’ ಹಚ್ಚಬೇಕು. ಇಲ್ಲಿ ಎಲ್ಲೆಲ್ಲೂ ಹೆಂಗಸರಿಗೆ ಹಚ್ಚುವ ‘ಡೀ’ ಇತ್ತು. ತನಗೇ ವ್ಯಾಕರಣ ಮರೆತಿದೆಯೋ ಎಂದು ಪ್ರಜ್ಞಾ ಪುಸ್ತಕ ತೆಗೆದು ನೋಡಿದಳು, ಮರೆತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಸಿಂದಗಿಯಿಂದ ಹೈದರಾಬಾದಿನವರೆಗೆ ಅವಳಿಗೆ ಗೊತ್ತಿದ್ದ ಜರ್ಮನ್ ಬಲ್ಲವರು ಯಾರೂ ಇರಲಿಲ್ಲ, ಹೈದರಾಬಾದಿನ ಮೇಷ್ಟ್ರು ನಿವೃತ್ತರಾಗಿ ಎಲ್ಲಿಗೆ ಹೋದರೋ ತಿಳಿಯದು. ಊಟ ಮಾಡುವಾಗ, ತರಗತಿಯಲ್ಲಿ ಹಾಜರಿ ಕರೆಯುವಾಗ ಅದೇ ಕೊರೆಯುತ್ತಿತ್ತು: ಕೆಂಪು ಹೆಣ್ಣಾದದ್ದು ಯಾಕೆ?

ಉತ್ತರ ಹೊಳೆದದ್ದು ಒಂದು ಮುಂಜಾನೆ, ಕನ್ನೊಳ್ಳಿಯಿಂದ ಸಿಂದಗಿಗೆ ಬರುವ ಬಸ್ಸಿನಲ್ಲಿ. ಥೆಕ್ಲಾ ಸೂಲಗಿತ್ತಿ. ಆಕೆ ದಿನಾ ಕಾಣುತ್ತಿದ್ದ ಕೆಂಪು ಹೆರಿಗೆಯ ಕೆಂಪು. ಅದು ಹೆಣ್ಣಲ್ಲದೆ ಇನ್ನೇನು? ಕವಯಿತ್ರಿ ಬೇಕಂತಲೇ ವ್ಯಾಕರಣ ಮುರಿದಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಲ್ಲಿಯೇ ನಿಂತು ಸಂಜೀವಕುಮಾರರಿಗೆ ಫೋನು ಹಚ್ಚಿದಳು. ಅವರು, ತಾವು ಇಷ್ಟು ವರ್ಷ ಕಾಯುತ್ತಿದ್ದದ್ದು ಇಂಥ ಒಂದು ಎಣಿಕೆಗೇ ಎಂದರು.

ಇಬ್ಬರ ಹೆಸರಿನಲ್ಲೂ ಇಂಗ್ಲಿಷ್ ಸಂಶೋಧನಾ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಅದರ ಜೀವ ಇದ್ದದ್ದು ಒಂದು ಪದ್ಯದಲ್ಲಿ, ಪ್ರಜ್ಞಾ ಅದನ್ನು ಕನ್ನಡಕ್ಕೂ ತಂದಿದ್ದಳು:

ಕೆಂಪು ಬಾಗಿಲಿಗೆ ಬಂದು ನಿಂತಾಳೆ.
ನಾನು ಬೂಟು ಹುಡುಕುತ್ತೇನೆ.

ಈ ಬೂಟಿನ ಬಗ್ಗೆಯೇ ಲೇಖನದಲ್ಲಿ ಎರಡು ಪುಟವಿತ್ತು. ಬೂಟೆಂದರೆ ಹೊರಟುನಿಲ್ಲುವುದು, ಗಂಡಿನ ಲೋಕದ ಹೊಸ್ತಿಲು ದಾಟುವುದು ಎಂದೆಲ್ಲ ಬರೆದಿದ್ದಳು.

ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಸುನಂದಾ ಮೇಡಂ ಇದನ್ನು ಕೇಳಿ ತಿಳಿದು, ತಮ್ಮ ಹುಡುಗಿಯರ ಮುಂದೆ ಮಾತಾಡಲು ಕರೆದರು. ತಾಳಿಕೋಟಿ ಮೇಲೆ ಹಾಯ್ದು ಪ್ರಜ್ಞಾ ಅಲ್ಲಿಗೆ ಮುಟ್ಟಿದಾಗ ಬಾಗಿಲಿಗೆ ಅಂಟಿಸಿದ ಭಿತ್ತಿಪತ್ರದಲ್ಲಿ ‘ಥೆಕ್ಲಾ ಕಾವ್ಯದಲ್ಲಿ ಕಂಪು’ ಎಂದು ಅಚ್ಚಾಗಿತ್ತು. ಪ್ರೆಸ್ಸಿನವರು ಎತ್ವ ಬಿಟ್ಟಿದ್ದರು. ಅವಳಿಗೆ ಸಿಟ್ಟು ಬಂತು. ಐವತ್ತು ದಾಟಿದ ಸುನಂದಾ ಮೇಡಂ ಪೆನ್ನು ತೆಗೆದು ಕಕಾರದ ತಲೆ ತಿದ್ದಿ ಒಳಗೆ ಕರೆದುಕೊಂಡು ಹೋದರು.

ಆವತ್ತು ಪ್ರಜ್ಞಾ ಚೆನ್ನಾಗಿ ಮಾತಾಡಿದಳು. ‘ಕೆಂಪು ನಿಂತಾಳೆ’ ಎಂದು ಅವಳು ಓದಿದಾಗ, ವ್ಯಾಕರಣ ತಪ್ಪಿದ ಆ ಸಾಲಿಗೆ ಹುಡುಗಿಯರು ನಗಲಿಲ್ಲ. ಸುನಂದಾ ಮೇಡಂ ಮುಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡಿತು. ತಿಂಗಳೊಪ್ಪತ್ತಿನಲ್ಲಿ ಮೇಡಂ ಆ ಪದ್ಯಗಳನ್ನು ಕೂಡಿಸಿ ಅರ್ಧ ತಾಸಿನ ನಾಟಕ ಮಾಡಿಸಿದರು. ತಾಳಿಕೋಟಿ ಪೇಟೆಯಿಂದ ಒಂದು ಥಾನು ಕೆಂಪು ಬಟ್ಟೆ ತಂದಿದ್ದರು. ಆರು ಹುಡುಗಿಯರು ಅದನ್ನು ಹಿಡಿದು ತೆರೆತೆರೆಯಾಗಿ ರಂಗದ ಮೇಲೆ ಬರುವಾಗ ಜನ ಉಸಿರು ಹಿಡಿದು ನೋಡಿದರಂತೆ. ಸುದ್ದಿ ಇಂಡಿ ಪಟ್ಟಣದವರೆಗೂ ಹೋಯಿತು. ಅಲ್ಲಿ ಸಾಹಿತ್ಯದ ಸಂಘವೊಂದನ್ನು ನಡೆಸುತ್ತಿದ್ದ ಗುರುಲಿಂಗಪ್ಪ ಎಂಬ ಹಿರಿಯರು ನಾಟಕ ಆಡಿಸಲು ತಾವೇ ಖರ್ಚು ಹಾಕಿಕೊಂಡು ಕರೆದರು, ಆಮಂತ್ರಣ ಪತ್ರಿಕೆಯೂ ಅಚ್ಚಾಯಿತು.

ಆ ಕಾರ್ಯಕ್ರಮಕ್ಕೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಜರ್ಮನಿಯಿಂದ ಒಂದು ಈಮೇಲ್ ಬಂತು. ಥೆಕ್ಲಾಳ ಊರಿನಲ್ಲಿ ಆಕೆಯ ಹೆಸರಿನ ಒಂದು ಸಣ್ಣ ಬಳಗವಿತ್ತು. ಪ್ರಜ್ಞಾ ಅಭಿಮಾನದಿಂದ ತನ್ನ ಲೇಖನವನ್ನು ಅವರಿಗೂ ಕಳಿಸಿದ್ದಳು. ಬಳಗದ ಕಾರ್ಯದರ್ಶಿ ಮಾರ್ಲೀಸ್ ಗ್ರೂಬರ್ ಬಹಳ ವಿನಯದಿಂದ ಬರೆದಿದ್ದರು. ಅಷ್ಟು ದೂರದಲ್ಲಿ ತಮ್ಮ ಊರಿನವಳನ್ನು ಓದುವವರಿದ್ದಾರೆ ಎಂದು ಎಲ್ಲರಿಗೂ ಖುಷಿಯಾಗಿದೆ, ಲೇಖನವನ್ನು ಸಭೆಯಲ್ಲಿ ಓದಿದೆವು. ಆದರೆ ಒಂದು ಸಣ್ಣ ಸಂದೇಹ. ನೀವು ಉದಾಹರಿಸಿದ ಸಾಲುಗಳಲ್ಲಿ ನಮ್ಮ ಪುಸ್ತಕದಲ್ಲಿ ‘ರೋಟ್’ ಇಲ್ಲ, ‘ನೋಟ್’ ಇದೆ. ಎಲ್ಲಾ ಕಡೆಯೂ.

ನೋಟ್ ಎಂದರೆ ಕಷ್ಟ, ಸಂಕಟ, ಇಲ್ಲದಿರುವಿಕೆ. ಅದು ಸ್ತ್ರೀಲಿಂಗ. ಅದಕ್ಕೆ ‘ಡೀ’ಯೇ ಹಚ್ಚಬೇಕು.

ಪ್ರಜ್ಞಾ ಮೊದಲು ನಂಬಲಿಲ್ಲ. ಎರಡು ಆವೃತ್ತಿಗಳಿರಬೇಕು ಎಂದುಕೊಂಡಳು. ಥೆಕ್ಲಾ ಮೊದಲು ಕೆಂಪು ಎಂದು ಬರೆದು, ಊರವರಿಗೆ ಹೆದರಿ ಆಮೇಲೆ ಕಷ್ಟ ಎಂದು ತಿದ್ದಿರಬೇಕು. ಈ ವಿಚಾರ ಎರಡು ದಿನ ಚೆನ್ನಾಗಿ ನಿಂತಿತು. ಅದರ ಮೇಲೆ ಇನ್ನೊಂದು ಲೇಖನವನ್ನೂ ಬರೆಯಬಹುದು ಅನ್ನಿಸಿತ್ತು. ಮೂರನೆಯ ದಿನ ಸಂಶಯ ತಾಳಲಾರದೆ, ಮುಚ್ಚಿಟ್ಟಿದ್ದ ಪುಟಗಳ ಫೋಟೋ ತೆರೆದಳು. ರಕ್ಷಾಪುಟದ ಮೇಲೆ ಕವಯಿತ್ರಿಯ ಹೆಸರಿತ್ತು. ರೋರ್‌ಬಾಖ್ ಎಂಬುದರ ಮೊದಲ ಅಕ್ಷರವನ್ನು ದೊಡ್ಡದು ಮಾಡಿ ನೋಡಿದಳು: ಅದರ ಕಾಲು ಹೊರಗೆ ಚಾಚಿತ್ತು. ಬಾಗಿಲ ಪದ್ಯದ ಪುಟ ತೆರೆದು ಆ ಮಾತಿನ ಮೊದಲ ಅಕ್ಷರವನ್ನು ದೊಡ್ಡದು ಮಾಡಿದಳು: ಇದರ ಕಾಲು ಕೆಳಗಿಳಿದು ಒಳಗೆ ಬಾಗಿತ್ತು. ದೂರದಿಂದ ನೋಡಿದರೆ ಅವಳಿಜವಳಿ ಮಕ್ಕಳ ಹಾಗಿದ್ದವು. ಯಂತ್ರ ಪುಸ್ತಕದ ತುಂಬ ಒಂದನ್ನು ಇನ್ನೊಂದೆಂದು ತಿಳಿದಿತ್ತು.

ಸಂಕಟ ಬಾಗಿಲಿಗೆ ಬಂದು ನಿಂತಿದೆ. ನಾನು ಬೂಟು ಹುಡುಕುತ್ತೇನೆ.

ಪ್ರಜ್ಞಾ ಲ್ಯಾಪ್‌ಟಾಪಿನ ಮುಂದೆ ಹಾಗೆಯೇ ಕೂತಳು. ಯಾರದೋ ಮನೆಯಲ್ಲಿ ಬೇನೆ ಶುರುವಾಗಿದೆ. ಕರೆಯಲು ಬಂದವರು ಬಾಗಿಲಲ್ಲಿ ನಿಂತಿದ್ದಾರೆ. ಹೊರಗೆ ಹಿಮ. ಸೂಲಗಿತ್ತಿ ಬೂಟು ಹುಡುಕುತ್ತಿದ್ದಾಳೆ, ಬರಿಗಾಲಲ್ಲಿ ಹೋಗಲಿಕ್ಕಾಗದು ಎಂಬ ಕಾರಣಕ್ಕೆ. ಇಷ್ಟೇ. ಹೊಸ್ತಿಲಿನ ಬಗ್ಗೆ ಬರೆದ ಎರಡು ಪುಟ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಆದರೆ ನಾಚಿಕೆಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಇನ್ನೊಂದು: ಕೆಂಪಿನ ಸಾಲನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಯಾರೂ ಬರೆಯದ ಸಾಲು ಹೇಗೆ ಮೈ ಜುಮ್ಮೆನ್ನಿಸುತ್ತದೆ?

ಆದಿತ್ಯವಾರ ಅವಳು ಬಸವನ ಬಾಗೇವಾಡಿಗೆ ಹೋದಳು. ಸಂಜೀವಕುಮಾರ ಪಡಸಾಲೆಯಲ್ಲಿ ಕೂತು ಕನ್ನಡಕ ತೆಗೆದು, ಮತ್ತೆ ಹಾಕಿ, ಎರಡು ಅಕ್ಷರಗಳನ್ನೂ ಬಹಳ ಹೊತ್ತು ನೋಡಿದರು. ಅವರ ಹೆಂಡತಿ ಜಯಮಾಲಾ ಇಟ್ಟುಹೋದ ಚಹಾ ಕೆನೆಗಟ್ಟಿತು.

“ತಪ್ಪು ಯಂತ್ರದ್ದು,” ಎಂದರು ಕೊನೆಗೆ. “ನಮ್ಮದಲ್ಲ. ನಾವು ಎಣಿಸಿದ್ದು ಬರೋಬ್ಬರಿನs ಐತಿ.”

“ಯಂತ್ರ ‘ಡೀ’ ಅಂತ ಬರೋಬ್ಬರಿ ಓದಿತ್ತಲ್ರಿ ಸರ್,” ಎಂದಳು ಪ್ರಜ್ಞಾ. “ಎಲ್ಲಾ ಕಡೆ ಓದಿತ್ತು. ಅದನ್ನ ನೋಡಿದ ಮ್ಯಾಲೂ ನಾನs ಅದಕ್ಕೊಂದು ಅರ್ಥ ಹಚ್ಚಿದ್ನಿ.”

ಆ ಅರ್ಥಕ್ಕೆ ಶಹಬ್ಬಾಸ್ ಎಂದವರು ಸಂಜೀವಕುಮಾರರೇ ಆಗಿದ್ದರು. ಈಗಲೇ ಯಾರಿಗೂ ಹೇಳುವುದು ಬೇಡ, ಪಿಎಚ್.ಡಿ. ಮುಗಿಯಲಿ, ಆಮೇಲೆ ನೋಡೋಣ ಎಂದರು. ಹಾಗೆಂದು ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು, ಅದು ಸರಿಯಲ್ಲವೇನೋ ಎಂದರು. ಕಡೆಗೆ ಅವರ ಬುದ್ಧಿ ತನ್ನ ದಾರಿಗೇ ತಿರುಗಿತು: ಹಾಗಾದರೆ ನಿಜವಾದ ಕೆಂಪು ಎಷ್ಟಿದೆ ನೋಡೋಣ. ಜರ್ಮನ್ನಿನಲ್ಲಿ ನಾಮಪದ ಶುರುವಾಗುವುದು ದೊಡ್ಡಕ್ಷರದಿಂದ, ಬಣ್ಣವನ್ನು ಹೇಳುವ ವಿಶೇಷಣಕ್ಕೆ ಸಣ್ಣಕ್ಷರ, ಆ ಸಣ್ಣಕ್ಷರಗಳಲ್ಲಿ ಇಂಥ ಗೊಂದಲವಿಲ್ಲ. ಇಬ್ಬರೂ ಕೂತು ಐದೂ ಪುಸ್ತಕ ಹುಡುಕಿದರು. ಒಂದು ಕೋಳಿಯ ಜುಟ್ಟು ಸಿಕ್ಕಿತು, ಸೇಬು ಸಿಕ್ಕವು, ಚಳಿಗೆ ಕೆಂಪಾದ ಒಬ್ಬ ಮುದುಕನ ಮೂಗು ಸಿಕ್ಕಿತು. ಅನುಮಾನ ಬಂದು ಪ್ರಜ್ಞಾ ‘ರಕ್ತ’ ಎಂಬುದಕ್ಕಿರುವ ಮಾತನ್ನು ಹುಡುಕಿದಳು. ಇರಲಿಲ್ಲ. ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಹೆಂಗಸು ಐದು ಪುಸ್ತಕಗಳಲ್ಲಿ ಎಲ್ಲಿಯೂ ರಕ್ತದ ಹೆಸರೆತ್ತಿರಲಿಲ್ಲ.

“ಇದ್ರಾಗ ಏನೋ ಐತಿ,” ಎಂದರು ಸಂಜೀವಕುಮಾರ.

ಏನಿರಬಹುದು ಸರ್ ಎಂದು ಅವಳು ಕೇಳಿದಳು. ತಮಗೂ ತಿಳಿಯದು, ಈ ಸಲ ತಿಳಿಯಿತೆಂದು ಅವಸರ ಮಾಡುವುದೂ ಬೇಡ ಎಂದರು.

ಇನ್ನು ಉಳಿದದ್ದು ಮುದ್ದೇಬಿಹಾಳ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಪ್ರಜ್ಞಾ ಮರುದಿನ ರಜೆ ಹಾಕಿ ಹೋದಳು. ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕೆಂದು ಹೊಂದಿಸಿಕೊಂಡದ್ದೆಲ್ಲ, ಕಾಲೇಜಿನ ಸಭಾಭವನದಲ್ಲಿ ಆರು ಹುಡುಗಿಯರು ಕೆಂಪು ಬಟ್ಟೆ ಹಿಡಿದು ತಾಲೀಮು ಮಾಡುತ್ತಿದ್ದುದನ್ನು ಕಂಡು ಮರೆತುಹೋಯಿತು. ಸೂಲಗಿತ್ತಿಯ ಪಾತ್ರದ ಅಲ್ಮಾಸ ಎಂಬ ಹುಡುಗಿ ಎರಡೂ ಕೈ ಮೇಲೆತ್ತಿ ‘ಕೆಂಪು ನಿಂತಾಳೆ’ ಎನ್ನುತ್ತಿದ್ದಳು. ಸುನಂದಾ ಮೇಡಂ ಪ್ರಜ್ಞಾಳನ್ನು ನೋಡಿ, ಹುಡುಗಿಯರಿಗೆ ನೀರು ಕುಡಿದು ಬರಲು ಹೇಳಿ ಪಕ್ಕದಲ್ಲಿ ಬಂದು ಕೂತರು. ಪ್ರಜ್ಞಾ ಹೇಗೋ ಹೇಳಿ ಮುಗಿಸಿದಳು.

ಮೇಡಂ ಮೊದಲು ನಕ್ಕರು. ನೋಟ್ ಅಂದರೆ ರೊಕ್ಕವೇನು ಎಂದು ಕೇಳಿದರು. ಅಲ್ಲ, ಕಷ್ಟ ಎಂದ ಮೇಲೆ, ಎಂಥ ಕಷ್ಟ ಎಂದರು. ಪ್ರಜ್ಞಾ ನಿಘಂಟಿನಲ್ಲಿದ್ದದ್ದನ್ನು ಒಪ್ಪಿಸಿದಳು: ಅಡಚಣೆ, ಸಂಕಟ, ಬಡತನ, ತುರ್ತು. ಮೇಡಂ ಒಂದೊಂದನ್ನೂ ಬಾಗಿಲಿಗೆ ತಂದು ನಿಲ್ಲಿಸಿ ನೋಡಿದರು. ಅಡಚಣೆ ನಿಂತರೆ ಸಾಲ ಕೇಳಲು ಬಂದಂತಾಯಿತು, ಬಡತನ ನಿಂತರೆ ಭಾಷಣವಾಯಿತು, ತುರ್ತು ಎಂಬುದು ನಿಲ್ಲಲೇ ಇಲ್ಲ. ನಮ್ಮ ಕಡೆ ‘ತ್ರಾಸು’ ಅಂತೀವಲ್ಲ, ಅದಾದರೆ ಸ್ವಲ್ಪ ಹತ್ತಿರ ಎಂದರು. ಮುಂದೆ ಮಾತಾಡಿದಾಗ ದನಿ ಬೇರೆಯಾಗಿತ್ತು.

“ನನ್ನ ಬಸಿರು ಎರಡು ಸಲ ನಿಲ್ಲಲಿಲ್ಲ ತಂಗಿ,” ಎಂದರು. “ಆವಾಗಿನದು ಯಾರಿಗೂ ಹೇಳಿಲ್ಲ, ಹೇಳಾಕ ಮಾತೂ ಇರಲಿಲ್ಲ. ನೀ ಬಂದು ಕೆಂಪು ಬಾಗಿಲಿಗೆ ಬಂದಾಳ ಅಂದಿ. ಎಲ್ಲೋ ದೂರದಾಕಿ ಒಬ್ಬಾಕಿಗೆ ಗೊತ್ತಿತ್ತಲಾ ಅಂತ ಅನಿಸಿ ಅತ್ನಿ. ಈಗ ಆಕಿ ಹಂಗ ಅಂದೇ ಇಲ್ಲ ಅಂತಿ. ಹಂಗಾರ ನಾ ಅತ್ತದ್ದು ಏನದು?”

ಗೊತ್ತಿಲ್ಲರಿ ಮೇಡಂ ಎಂದಳು ಪ್ರಜ್ಞಾ, ನನಗೂ ಹಾಗೆಯೇ ಆಗಿದೆ ಎಂದಳು. ಅದು ಸಮಾಧಾನವಾಗುವ ಮಾತಲ್ಲವೆಂದು ಅವಳಿಗೇ ಅನ್ನಿಸಿತು. ಹುಡುಗಿಯರು ವಾಪಸು ಬಂದು ಬಟ್ಟೆಯ ಅಂಚು ಹಿಡಿದು ನಿಂತರು. ಮೇಡಂ ಎದ್ದು, ಸೆರಗು ಸಿಕ್ಕಿಸಿಕೊಂಡು, ಇಂಡಿಯಲ್ಲಿ ನಾಟಕ ಇದ್ದ ಹಾಗೆಯೇ ಆಗುತ್ತದೆ, ಆಮಂತ್ರಣ ಹಂಚಿಯಾಗಿದೆ ಎಂದರು. ನಾಟಕಕ್ಕೆ ಮುಂಚೆ ಏನು ಹೇಳುವುದಿದೆಯೋ ಅದನ್ನು ನೀನೇ ನಿಂತು ಹೇಳು. ಅಷ್ಟು ಹೇಳಿ ತಾಲೀಮಿಗೆ ಹೋದವರು ಮತ್ತೆ ಅವಳ ಕಡೆ ನೋಡಲಿಲ್ಲ.

ಇಂಡಿಯ ಸಭಾಭವನ ಆ ಸಂಜೆ ತುಂಬಿತ್ತು. ಅಗರಖೇಡದಂಥ ಹಳ್ಳಿಗಳಿಂದಲೂ ಹೆಂಗಸರು ಟಂಟಂ ಗಾಡಿ ಮಾಡಿಕೊಂಡು ಬಂದಿದ್ದರು. ಗುರುಲಿಂಗಪ್ಪನವರು ಜರ್ಮನ್ ಬಲ್ಲ ವಿದುಷಿ ಎಂದು ಪ್ರಜ್ಞಾಳನ್ನು ಪರಿಚಯಿಸಿ, ಶಾಲು ಹೊದಿಸಿ, ಮೈಕಿನ ಮುಂದೆ ಬಿಟ್ಟರು. ಶಾಲು ಹೊದ್ದುಕೊಂಡೇ ಅವಳು ತಾನು ತಪ್ಪು ಓದಿದ್ದನ್ನು ಹೇಳಿದಳು. ಅಕ್ಷರಗಳ ಕಥೆ ಹೇಳಿದಳು. ನೀವು ಈಗ ನೋಡುವ ಕೆಂಪನ್ನು ಥೆಕ್ಲಾ ಬರೆದಿಲ್ಲ, ಆಕೆ ಬರೆದದ್ದು ತ್ರಾಸು, ಕೆಂಪು ನನ್ನದು ಎಂದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಗುರುಲಿಂಗಪ್ಪ ಹತ್ತಿರ ಬಂದು, ಹಾಗಾದರೆ ನಾಟಕ ನಿಲ್ಲಿಸಬೇಕೇನು ಎಂದು ಮೆಲ್ಲಗೆ ಕೇಳಿದರು. ನಿಲ್ಲಿಸುವುದು ಬೇಡ ಎಂದಳು. ಮತ್ತೆ ಏನು ಮಾಡುವುದು ಎಂದರು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಸುನಂದಾ ಮೇಡಂ ಶುರುಮಾಡಿಸಿಬಿಟ್ಟರು.

ಮೊದಲೆರಡು ದೃಶ್ಯ ಸರಿಯಾಗಿ ಹೋದವು. ಬಾಗಿಲ ದೃಶ್ಯದಲ್ಲಿ ಅಲ್ಮಾಸ ಕೈ ಮೇಲೆತ್ತಬೇಕಿತ್ತು, ಎತ್ತಲಿಲ್ಲ. ಬಾಗಿಲಿನ ಕಡೆ ನೋಡಿ, ಸಣ್ಣ ದನಿಯಲ್ಲಿ, “ಯಾರೋ ತ್ರಾಸಿನ್ಯಾಗ ಬಂದಾರ,” ಎಂದಳು. ಹಾಗೆಂದು ಬಗ್ಗಿ ಚಪ್ಪಲಿ ಹುಡುಕತೊಡಗಿದಳು. ಮಂಚದ ಕೆಳಗೆ ನೋಡಿದಳು, ಒಲೆಯ ಹಿಂದೆ ನೋಡಿದಳು, ಮತ್ತೆ ಮಂಚದ ಕೆಳಗೆ ನೋಡಿದಳು. ಕೆಂಪು ಬಟ್ಟೆ ಹಿಡಿದ ಹುಡುಗಿಯರು ಒಳಗೆ ಬರಬೇಕೋ ಬಾರದೋ ತಿಳಿಯದೆ ರಂಗದ ಅಂಚಿನಲ್ಲಿ ನಿಂತೇಬಿಟ್ಟರು. ಪಕ್ಕದಲ್ಲಿ ಕೂತು ದನಿಗೂಡಿಸುವ ಮೇಳದವರಲ್ಲಿ ಅರ್ಧ ಜನ ಕೆಂಪು ಎಂದರು, ಅರ್ಧ ಜನ ಸುಮ್ಮನಿದ್ದರು. ಸಭೆಯ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಅಲ್ಮಾಸ ಹುಡುಕುವುದನ್ನು ಬಿಡಲಿಲ್ಲ. ನಗೆ ನಿಂತಿತು. ಮುಂದೆ ಕೂತಿದ್ದ ಒಬ್ಬ ಮುದುಕಿ, ತನ್ನ ಮನೆಯಲ್ಲೇ ಆಗುತ್ತಿದೆ ಎಂಬಂತೆ, ಬಾಗಿಲಸಂದಿಯಲ್ಲಿ ನೋಡು ಎಂದಳು. ಆಮೇಲೆ ಬಟ್ಟೆ ಬಂತು, ತಡವಾಗಿ, ಒಂದು ಕಡೆ ಮುದುರಿಕೊಂಡು. ಅಲ್ಮಾಸ ಬರಿಗಾಲಲ್ಲೇ ಅದನ್ನು ದಾಟಿ ಹೊರಗೆ ಹೋದಳು.

ಜನ ಚಪ್ಪಾಳೆ ಹೊಡೆದರು. ನಾಟಕ ಗೆದ್ದಿತೋ ಕೆಟ್ಟಿತೋ ಪ್ರಜ್ಞಾಳಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಅಲ್ಮಾಸಳನ್ನು ಕೇಳಿದರೆ, ಅವಳು ಅಳುವ ಮುಖ ಮಾಡಿ, ನಿಮ್ಮ ಭಾಷಣ ಕೇಳಿ ಮಾತು ಮರೆತುಹೋಯಿತು ಮೇಡಂ, ಚಪ್ಪಲಿಯನ್ನು ನಿಜವಾಗಿಯೂ ಯಾರೋ ಎತ್ತಿಟ್ಟಿದ್ದರು ಎಂದಳು. ಸುನಂದಾ ಮೇಡಂ ಬಟ್ಟೆ ಮಡಿಚುತ್ತಿದ್ದರು. ಪ್ರಜ್ಞಾ ಹೋಗಿ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಅಷ್ಟುದ್ದದ ಬಟ್ಟೆಯನ್ನು ಮಡಿಚಿದರು.

“ಹುಡುಗಿ ಹುಡಕಾಕತ್ತಾಗ ನನಗ ಕೆಂಪು ನೆನಪಾಗಲಿಲ್ಲ,” ಎಂದರು ಮೇಡಂ, ಮಡಿಕೆ ಕೈಗೆ ಬಂದ ಮೇಲೆ. “ಈಗ ನೆನಪಾಗಾಕತ್ತೇತಿ.” ಅದು ಒಳ್ಳೆಯದೋ ಕೆಟ್ಟದ್ದೋ ಅವರು ಹೇಳಲಿಲ್ಲ. ಆದರೆ ಮುದ್ದೇಬಿಹಾಳದ ಗಾಡಿ ಹೊರಡುವಾಗ ಪ್ರಜ್ಞಾಳ ಊಟವಾಗಿದೆಯೇ ಎಂದು ವಿಚಾರಿಸಿ, ಹುಡುಗಿಯರ ಬುತ್ತಿಯಿಂದ ಎರಡು ರೊಟ್ಟಿ ಕಟ್ಟಿಕೊಟ್ಟರು.

ಬಾಗಿಲಲ್ಲಿ ಪತ್ರಿಕೆಯ ವರದಿಗಾರ ಶಮಶುದ್ದೀನ ಅವಳನ್ನು ತಡೆದ. ವರದಿ ರಾತ್ರಿಯೇ ಕಳಿಸಬೇಕು, ಕೆಂಪು ಎಂದು ಬರೆಯಲೋ ತ್ರಾಸು ಎಂದು ಬರೆಯಲೋ ಎಂದು ಕೇಳಿದ. ತ್ರಾಸು ಎಂದು ಬರೆಯಿರಿ, ಆದರೆ ಬಟ್ಟೆ ಕೆಂಪಿತ್ತಲ್ಲ ಎಂದು ಅವಳು ತಡವರಿಸಿದಳು. ಮರುದಿನ ಪತ್ರಿಕೆಯಲ್ಲಿ ‘ಜನಮನ ಗೆದ್ದ ಕೆಂಪು ತ್ರಾಸು’ ಎಂದು ಬಂತು.

ಸಂಜೀವಕುಮಾರ ಒಂದೆರಡು ವಾರ ಫೋನು ಎತ್ತಲಿಲ್ಲ. ಆಮೇಲೆ ತಾವೇ ಫೋನು ಮಾಡಿ, ತಿದ್ದುಪಡಿ ಬರೆದಿದ್ದೇನೆ, ಇಬ್ಬರ ಹೆಸರಲ್ಲೂ ಕಳಿಸುತ್ತೇನೆ ಎಂದರು. ಲೇಖನ ಬಂದಿದ್ದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ, ಕೊನೆಯ ಪುಟದ ಅಡಿಯಲ್ಲಿ ಅದು ಬಂತು; ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ. ಪ್ರಜ್ಞಾ ಹಳೆಯ ಅಕ್ಷರಗಳನ್ನು ಕಲಿತಳು. ಸಾಲಿ ಮಕ್ಕಳು ಬೆರಳು ಹಚ್ಚಿ ತಿದ್ದಿದಂತೆ ಒಂದೊಂದನ್ನೂ ಬರೆದು ಬರೆದು ರೂಢಿ ಮಾಡಿಕೊಂಡು, ನಾಲ್ಕನೆಯ ಸಂಕಲನವನ್ನು ಮೊದಲ ಪುಟದಿಂದ ಕಣ್ಣಾರೆ ಓದತೊಡಗಿದಳು. ದಿನಕ್ಕೆ ಒಂದು ಪುಟವಾದರೆ ಹೆಚ್ಚು. ಯಂತ್ರ ಕೆಂಪೆಂದಲ್ಲೆಲ್ಲ ಸಂಕಟವನ್ನು ಬರೆದುಕೊಳ್ಳುತ್ತ ಹೋದಳು.

ಪುಸ್ತಕ ಮುಗಿಯುತ್ತ ಬಂದಾಗ ಒಂದು ಕಡೆ ತಡೆದಳು. ಹಿಮದ ಮೇಲೆ ಬೆಳಕು ಹರಿಯುವ ಹೊತ್ತಿನಲ್ಲಿ ಕೂಸೊಂದು ಹುಟ್ಟುವ ಪದ್ಯ ಅದು. ಜರ್ಮನ್ನಿನಲ್ಲಿ ಕೊನೆಯ ಸಾಲು ಆ ಮಾತಿನಿಂದಲೇ ಶುರುವಾಗುತ್ತಿತ್ತು, ಅದರ ಮೊದಲ ಅಕ್ಷರದ ಮೇಲೆ ಮಸಿ ಹರಡಿ, ಕಾಲು ಹೊರಗೆ ಚಾಚಿದೆಯೋ ಒಳಗೆ ಬಾಗಿದೆಯೋ ಕಾಣುತ್ತಿರಲಿಲ್ಲ. ಮುಂದೆ ‘ಡೀ’ಯೂ ಇಲ್ಲ, ‘ಡಾಸ್’ ಕೂಡ ಇಲ್ಲ. ‘ಹೊಸ್ತಿಲ ಮೇಲೆ ಕೆಂಪು’ ಎಂದರೂ ಸರಿ, ‘ಹೊಸ್ತಿಲ ಮೇಲೆ ಸಂಕಟ’ ಎಂದರೂ ಸರಿ. ಮಾರ್ಲೀಸ್ ಗ್ರೂಬರ್ ಅವರಿಗೆ ಬರೆದು ಕೇಳಿದಳು. ತಮ್ಮ ಪ್ರತಿಯಲ್ಲೂ ಅಲ್ಲಿ ಮಸಿಯೇ ಇದೆ, ಕೈಬರಹದ ಪ್ರತಿ ಸಿಕ್ಕಿಲ್ಲ, ಬಳಗದವರು ಮೊದಲಿನಿಂದಲೂ ಸಂಕಟ ಎಂದೇ ಓದಿಕೊಂಡು ಬಂದಿದ್ದಾರೆ, ಯಾಕೆಂದು ಈವರೆಗೆ ಯಾರೂ ಕೇಳಿರಲಿಲ್ಲ ಎಂದು ಅವರ ಉತ್ತರ ಬಂತು.

ಎಷ್ಟೋ ಸಲ ಪ್ರಜ್ಞಾ ಆ ಅಕ್ಷರವನ್ನು ದೊಡ್ಡದು ಮಾಡಿ ನೋಡಿದಳು. ಒಂದು ದಿನ ಹೊರಗೆ ಚಾಚಿದಂತೆ ಕಾಣುತ್ತಿತ್ತು, ಮರುದಿನ ಒಳಗೆ ಬಾಗಿದಂತೆ. ತನಗೆ ಕೆಂಪು ಬೇಕೆಂಬ ಆಸೆ ಇನ್ನೂ ಉಳಿದಿದೆಯೋ, ಅಥವಾ ಆಸೆಗೆ ಹೆದರಿ ತಾನು ಸಂಕಟದ ಕಡೆ ವಾಲುತ್ತಿದ್ದೇನೆಯೋ ಅವಳಿಗೆ ಬಗೆಹರಿಯಲಿಲ್ಲ. ಹೆಚ್ಚಿನವು ಎಲ್ಲಿವೆಯೋ ಅಲ್ಲಿಗೇ ಸೇರಿಸಿಬಿಡು ಎಂದರು ಸಂಜೀವಕುಮಾರ. ಅವಳು ಸೇರಿಸಲಿಲ್ಲ. ಪ್ರಬಂಧದ ಕೋಷ್ಟಕದಲ್ಲಿ ಕೆಂಪಿಗೊಂದು ಸಾಲು, ಸಂಕಟಕ್ಕೊಂದು ಸಾಲು ಮಾಡಿ, ಇವೆರಡರ ಕೆಳಗೆ ಆ ಒಂದನ್ನು ಹೆಸರಿಲ್ಲದೆ ಬಿಟ್ಟಳು. ಪರೀಕ್ಷಕರು ಇದೇನೆಂದು ಕೇಳುತ್ತಾರೆ ಎಂದು ಅವರು ಗೊಣಗಿದರು. ಗೊತ್ತಿಲ್ಲ ಎಂದೇ ಹೇಳುತ್ತೇನೆ ಸರ್ ಎಂದಳು. ಸಹಿ ಮಾಡುವಾಗ ಅವರು ಆ ಪುಟವನ್ನು ಇನ್ನೊಮ್ಮೆ ತೆಗೆದು, ಕನ್ನಡಕ ಏರಿಸಿ, ಮಸಿ ಹರಡಿದ ಅಕ್ಷರದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತರು.